ಮೊಟ್ಟೆಯ ಸಲಾಡಿಗೆ ಮನೆಯ ಮೊಸರೇ ಸಾಕು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಅಡಿಗೆಮನೆಗೆ ಮೊಟ್ಟೆಯು ಪ್ರವೇಶ ಪಡೆದ ಬಗೆ ಒಂದೇ ತೆರನಾದುದಲ್ಲ. ಕೆಲವರ ಮನೆಯಲ್ಲಿ ಅದು ತಲೆತಲಾಂತರದಿಂದ ಬಂದ ಆಹಾರ. ಮತ್ತೆ ಕೆಲವರ ಮನೆಗೆ ಅದು ವೈದ್ಯರ ಸಲಹೆಯ ಮೇರೆಗೆ, ಮಕ್ಕಳ ಪುಷ್ಟಿಯ ನೆಪದಲ್ಲಿ, ತನ್ನದೇ ಆದ ಪ್ರತ್ಯೇಕ ಪಾತ್ರೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಬಂದಿತು. ಊರಿನಿಂದ ಅತ್ತೆಯವರು ಬರುವ ದಿನ ಆ ಪಾತ್ರೆಯು ಕಪಾಟಿನ ಹಿಂಬದಿಗೆ ಸರಿಯುವುದೂ ಉಂಟು. ಇದೇನೇ ಇರಲಿ, ಮೊಟ್ಟೆಯನ್ನು ಸೇವಿಸುವ ಮನೆಗಳಲ್ಲಿಯೂ ಅದರ ಪಾಕವು ಬಹುಮಟ್ಟಿಗೆ ಆಮ್ಲೆಟ್ಟು, ಬುರ್ಜಿ, ಸಾರು ಎಂಬ ಮೂರರಲ್ಲಿಯೇ ಸುತ್ತುತ್ತಿದ್ದಿತು. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಸೇರಿಕೊಂಡಿದೆ. ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಹೆಚ್ಚಿ, ಮಯೊನೀಸ್ ಎಂಬ ಬಿಳಿಯ ಕೆನೆಯಂತಹ ವ್ಯಂಜನದಲ್ಲಿ ಕಲಸಿ, ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ಮೊಟ್ಟೆಯ ಸಲಾಡೇ ಅದು.

ಮಕ್ಕಳು ಇದನ್ನು ಎಲ್ಲಿಯೋ ಬೇಕರಿಯಲ್ಲಿ ತಿಂದು ಬಂದು ಮನೆಯಲ್ಲಿಯೂ ಬೇಕೆನ್ನುತ್ತಾರೆ. ಆಗ ಗೃಹಿಣಿಯ ಮುಂದೆ ಎರಡು ದಾರಿಗಳು ತೋರುತ್ತವೆ. ಅಂಗಡಿಯಿಂದ ಮಯೊನೀಸಿನ ಶೀಶೆಯನ್ನು ತರುವುದು ಒಂದು. ಮಿಕ್ಸರಿನಲ್ಲಿ ಹಸಿ ಮೊಟ್ಟೆಯನ್ನು ಎಣ್ಣೆಯೊಡನೆ ಕಡೆದು ಮನೆಯಲ್ಲಿಯೇ ಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಕೊಬ್ಬಿನ ಲೆಕ್ಕದಲ್ಲಿ ದುಬಾರಿ. ಎರಡನೆಯದು ನಮ್ಮ ಹವೆಯಲ್ಲಿ ಅಪಾಯಕರ. ಮೂರನೆಯ ದಾರಿಯೊಂದಿದೆ, ಅದು ನಮ್ಮ ಮೊಸರುಬಜ್ಜಿಗೆ ತೀರ ಸಮೀಪದ್ದು.

ಹಸಿ ಮೊಟ್ಟೆಯ ಸಂಗತಿ

ಮಯೊನೀಸ್ ಎಂಬುದು ಎಣ್ಣೆ ಮತ್ತು ಹುಳಿ ನೀರನ್ನು ಮೊಟ್ಟೆಯ ಹಳದಿಯು ಹಿಡಿದು ಕೂಡಿಸಿದ ಮಿಶ್ರಣ. ಎಣ್ಣೆ ಮತ್ತು ನೀರು ತಾವಾಗಿ ಕೂಡುವಂತಹವಲ್ಲ. ಹಳದಿಯಲ್ಲಿರುವ ಲೆಸಿಥಿನ್ ಎಂಬ ದ್ರವ್ಯವು ಎಣ್ಣೆಯ ಕಣಗಳನ್ನು ನೀರಿನಲ್ಲಿ ಹರಡಿ ನಿಲ್ಲಿಸುತ್ತದೆ. ಈ ದ್ರವ್ಯವನ್ನು 19ನೆಯ ಶತಮಾನದಲ್ಲಿ ಮೊಟ್ಟೆಯ ಹಳದಿಯಿಂದ ಬೇರ್ಪಡಿಸಿದವನು ಗೊಬ್ಲೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಗ್ರೀಕ್ ಭಾಷೆಯಲ್ಲಿ ಹಳದಿಗಿರುವ ಹೆಸರಿನಿಂದಲೇ ಅವನು ಇದಕ್ಕೆ ನಾಮಕರಣ ಮಾಡಿದನು. ರುಚಿಗೆ ಕಾರಣವಾದ ಈ ಹಳದಿಯು ಮಯೊನೀಸಿನಲ್ಲಿ ಬೆಂಕಿಯನ್ನು ಕಾಣುವುದಿಲ್ಲ ಎಂಬಲ್ಲಿಯೇ ತೊಡಕಿರುವುದು.

ಸಾಲ್ಮೊನೆಲ್ಲಾ ಎಂಬ ರೋಗಾಣುವು ಮೊಟ್ಟೆಯ ಹೊರಚಿಪ್ಪಿನ ಮೇಲೆ ಮಾತ್ರವೇ ಇರುತ್ತದೆಂದು ಅನೇಕರು ತಿಳಿದಿದ್ದಾರೆ. ಸೋಂಕು ತಗುಲಿದ ಕೋಳಿಯಲ್ಲಿ ಚಿಪ್ಪು ಕಟ್ಟುವ ಮೊದಲೇ ಅದು ಮೊಟ್ಟೆಯ ಒಳಗೂ ಸೇರಬಲ್ಲುದು. ಆದುದರಿಂದ ಚಿಪ್ಪನ್ನು ತೊಳೆದ ಮಾತ್ರಕ್ಕೆ ಹಸಿ ಮೊಟ್ಟೆಯು ನಿರಪಾಯವಾಗುವುದಿಲ್ಲ. ಮನೆಯ ಮಯೊನೀಸಿಗೆ ಹಿಂಡುವ ಅರ್ಧ ನಿಂಬೆಹಣ್ಣಿನ ಹುಳಿಯನ್ನು ನಂಬುವಂತಿಲ್ಲ. ಫ್ರಿಜ್ಜಿನ ತಂಪು ರೋಗಾಣುವಿನ ವೃದ್ಧಿಯನ್ನು ತಡೆಯುತ್ತದೆಯೇ ಹೊರತು ಅದನ್ನು ಕೊಲ್ಲುವುದಿಲ್ಲ. ತಿಂದ 6ರಿಂದ 72 ಗಂಟೆಗಳೊಳಗಾಗಿ ಸಾಮಾನ್ಯವಾಗಿ ಜ್ವರ, ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಗಟ್ಟಿಮುಟ್ಟಾದ ಪ್ರಾಯದವರು ನಾಲ್ಕಾರು ದಿನಗಳಲ್ಲಿ ಚೇತರಿಸಿಕೊಳ್ಳುವರು. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರು, ದೀರ್ಘರೋಗಿಗಳು ಇವರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಇದು ಪುಸ್ತಕದ ಭಯವಲ್ಲ. ಹಸಿ ಮೊಟ್ಟೆಯಿಂದ ಮಾಡಿದ ಮಯೊನೀಸನ್ನು ಕೇರಳ ಸರ್ಕಾರವು 2023ರ ಜನವರಿಯಲ್ಲಿ ನಿಷೇಧಿಸಿತು. 2024ರ ಅಕ್ಟೋಬರಿನಲ್ಲಿ ತೆಲಂಗಾಣವೂ, 2025ರ ಏಪ್ರಿಲಿನಲ್ಲಿ ತಮಿಳುನಾಡೂ ಒಂದೊಂದು ವರ್ಷದ ಅವಧಿಗೆ ಇಂತಹುದೇ ಆಜ್ಞೆಯನ್ನು ಹೊರಡಿಸಿದುವು. ಹೈದರಾಬಾದು ಮತ್ತು ಚೆನ್ನೈನ ಕನ್ನಡಿಗರಿಗೆ ಇದು ನೆನಪಿರಬಹುದು. ಸರ್ಕಾರದ ಆಜ್ಞೆಯು ಹೋಟೆಲು ಅಂಗಡಿಗಳಿಗೆ ಅನ್ವಯಿಸುತ್ತದೆ. ಮನೆಯ ಮಿಕ್ಸರಿಗೆ ಅದು ತಲುಪುವುದಿಲ್ಲ. ಅಲ್ಲಿ ಗೃಹಿಣಿಯ ವಿವೇಕವೇ ಕಾನೂನು.

ಮೊಸರಿನ ಕೆನೆ

ಮೊಸರುಬಜ್ಜಿ, ಕೋಸಂಬರಿ, ಮಲೆನಾಡಿನ ಸಾಸಿವೆ, ಇವುಗಳನ್ನು ಬಲ್ಲವರಿಗೆ ಸಲಾಡು ಹೊಸ ವಿದ್ಯೆಯಲ್ಲ. ಮೊಟ್ಟೆಯ ಸಲಾಡಿಗೆ ಬೇಕಾದ ಕೆನೆಯನ್ನು ನೀರು ಬಸಿದ ಗಟ್ಟಿ ಮೊಸರಿನಿಂದ ಪಡೆಯಬಹುದು. ಅರ್ಧ ಲೀಟರು ಹುಳಿಯಿಲ್ಲದ ಮೊಸರನ್ನು ತೆಳುವಾದ ಶುಭ್ರ ಬಟ್ಟೆಯಲ್ಲಿ ಕಟ್ಟಿ, ಜಾಲರಿಯ ಮೇಲಿಟ್ಟು, ಮೂರು ನಾಲ್ಕು ಗಂಟೆಗಳ ಕಾಲ ಬಿಡಬೇಕು. ಮುಂಬಯಿ ಚೆನ್ನೈಗಳ ಸೆಕೆಯಲ್ಲಿ ಹೊರಗೆ ತೂಗುಹಾಕಿದರೆ ಅದು ಹುಳಿಯುತ್ತದೆ. ಫ್ರಿಜ್ಜಿನ ಒಳಗೇ ಇಡುವುದು ಲೇಸು. ಬಸಿದ ನೀರನ್ನು ಚೆಲ್ಲದೆ ಚಪಾತಿಯ ಹಿಟ್ಟಿಗೆ ಉಪಯೋಗಿಸಬಹುದು.

ಮುಂಬಯಿ, ಪುಣೆಗಳಲ್ಲಿರುವವರಿಗೆ ಇಷ್ಟು ಶ್ರಮವೂ ಇಲ್ಲ. ಶ್ರೀಖಂಡಕ್ಕಾಗಿ ಡೈರಿಗಳಲ್ಲಿ ಮಾರುವ ಚಕ್ಕಾ ಎಂಬುದು ಇದೇ ಗಟ್ಟಿ ಮೊಸರು. ಸಕ್ಕರೆ ಹಾಕದ, ಅಂದಿನದೇ ಆದ ಚಕ್ಕಾವನ್ನು ಕೇಳಿ ತರಬೇಕು. ಹುಳಿ ಇದೆಯೇ ಎಂದು ತುಸು ರುಚಿ ನೋಡಿ ತಂದರೆ ಇನ್ನೂ ಒಳ್ಳೆಯದು.

ಲೆಕ್ಕವನ್ನು ಇಲ್ಲಿಯೇ ನೋಡಿಬಿಡಬಹುದು. ನಾಲ್ಕು ದೊಡ್ಡ ಚಮಚ ಮಯೊನೀಸಿನಲ್ಲಿ ಸುಮಾರು 40 ಗ್ರಾಂ ಕೊಬ್ಬು, 360ಕ್ಕೂ ಹೆಚ್ಚು ಕ್ಯಾಲೊರಿ. ಅಷ್ಟೇ ಪ್ರಮಾಣದ ಗಟ್ಟಿ ಮೊಸರಿನಲ್ಲಿ, ಹಾಲಿನ ಗುಣವನ್ನನುಸರಿಸಿ, 5ರಿಂದ 7 ಗ್ರಾಂ ಕೊಬ್ಬು. ಜೊತೆಗೆ ಅಷ್ಟಿಷ್ಟು ಸಸಾರಜನಕವೂ ಸುಣ್ಣದಂಶವೂ ಲಾಭ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರಿಗೆ ಈ ವ್ಯತ್ಯಾಸವು ಅಲ್ಪವಲ್ಲ. ಶೀಶೆಯ ಮೇಲೆ ಹಸಿರು ಚುಕ್ಕೆ ಇರುವ, ಮೊಟ್ಟೆಯಿಲ್ಲದ ಮಯೊನೀಸಿನಲ್ಲಿ ಹಸಿ ಮೊಟ್ಟೆಯ ಭಯವಿಲ್ಲ ಎಂಬುದು ನಿಜ. ಎಣ್ಣೆಯಂತೂ ಇದ್ದೇ ಇರುತ್ತದೆ.

ಬೇಯಿಸುವ ಕ್ರಮ

ಮೊಟ್ಟೆಯನ್ನು ಬೇಯಿಸುವುದರಲ್ಲಿ ಕಲಿಯತಕ್ಕದ್ದೇನಿದೆ ಎಂದು ಕೇಳಬಹುದು. ಸಲಾಡಿನ ಸೊಗಸು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೊದಲು ಮೊಟ್ಟೆಯನ್ನು ನೀರು ತುಂಬಿದ ಪಾತ್ರೆಗೆ ಬಿಟ್ಟು ನೋಡಬೇಕು. ತಳದಲ್ಲಿ ಅಡ್ಡಲಾಗಿ ಮಲಗಿದರೆ ಹೊಸತು. ಒಂದು ತುದಿಯನ್ನು ಮೇಲೆತ್ತಿ ನಿಂತರೆ ಹಳತು. ತೇಲಿದ ಮೊಟ್ಟೆಯನ್ನು ಬಿಸುಡುವುದೇ ಕ್ಷೇಮ. ಮೊಟ್ಟೆಯು ಹಳತಾದಂತೆ ಚಿಪ್ಪಿನ ಸೂಕ್ಷ್ಮರಂಧ್ರಗಳ ಮೂಲಕ ಒಳಗಿನ ತೇವವು ಹೊರಹೋಗಿ, ಮೊಂಡು ತುದಿಯಲ್ಲಿರುವ ಗಾಳಿಯ ಕೋಶವು ಹಿಗ್ಗುವುದೇ ಇದಕ್ಕೆ ಕಾರಣ.

ಹಾಗೆಂದು ಅಂದೇ ಇಟ್ಟ ಮೊಟ್ಟೆಯೂ ಇದಕ್ಕೆ ಹೇಳಿಸಿದ್ದಲ್ಲ. ಹೊಸ ಮೊಟ್ಟೆಯ ಬಿಳಿಯ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದು, ಬೆಂದಾಗ ಒಳಪೊರೆಗೆ ಅಂಟಿಕೊಳ್ಳುತ್ತದೆ. ಸುಲಿಯುವಾಗ ಅರ್ಧ ಮೊಟ್ಟೆ ಚಿಪ್ಪಿನೊಡನೆಯೇ ಹೋಗುತ್ತದೆ. ನಗರದ ಅಂಗಡಿಯನ್ನು ತಲುಪುವ ವೇಳೆಗೆ ಮೊಟ್ಟೆಗೆ ಕೆಲವು ದಿನಗಳಾಗಿರುವುದೇ ಹೆಚ್ಚಾದುದರಿಂದ ಪಟ್ಟಣವಾಸಿಗಳಿಗೆ ಈ ತೊಂದರೆ ಕಡಮೆ. ನಗರವಾಸದಿಂದ ದೊರೆಯುವ ಅಪರೂಪದ ಸೌಲಭ್ಯಗಳಲ್ಲಿ ಇದೂ ಒಂದೆನ್ನಬಹುದು.

ಸುಲಭವಾದ ವಿಧಾನವೆಂದರೆ ಹಬೆಯಲ್ಲಿ ಬೇಯಿಸುವುದು. ಇಡ್ಲಿಯ ಪಾತ್ರೆಯಲ್ಲಿ ನೀರು ಕುದಿದು ಹಬೆಯು ಚೆನ್ನಾಗಿ ಏಳತೊಡಗಿದ ಮೇಲೆ ಮೊಟ್ಟೆಗಳನ್ನು ಇಟ್ಟು ಮುಚ್ಚಿ, 12ರಿಂದ 13 ನಿಮಿಷ ಬೇಯಿಸಬೇಕು. ಮೊದಲೇ ಬಿಸಿಯು ತಟ್ಟುವುದರಿಂದ ಚಿಪ್ಪು ಸಲೀಸಾಗಿ ಬಿಡುತ್ತದೆ. ಇಡ್ಲಿಯ ಪಾತ್ರೆಗೆ ಮೊಟ್ಟೆಯನ್ನು ಸೋಕಿಸಲೊಪ್ಪದ ಮನೆಗಳಲ್ಲಿ ಸಾಧಾರಣ ಪಾತ್ರೆಯಲ್ಲಿ, ಮೊಟ್ಟೆಯು ಮುಳುಗಿ ಮೇಲೆ ಒಂದು ಅಂಗುಲ ನಿಲ್ಲುವಷ್ಟು ನೀರಿಟ್ಟು, ಕುದಿ ಬಂದ ಮೇಲೆ ಉರಿ ತಗ್ಗಿಸಿ 10 ನಿಮಿಷ ಬಿಡಬೇಕು. ಬಿಳಿಯ ಭಾಗವೂ ಹಳದಿಯೂ ಪೂರ್ಣವಾಗಿ ಗಟ್ಟಿಯಾಗಿರಬೇಕು. ಅರೆಬೆಂದ ಹಳದಿಯು ನೋಡಲು ಸೊಗಸಾದರೂ, ಮೊದಲು ಹೇಳಿದ ರೋಗಾಣುವಿಗೆ ಆಶ್ರಯವಾದೀತು.

ಬೆಂದೊಡನೆ ಮೊಟ್ಟೆಗಳನ್ನು ಮಂಜುಗಡ್ಡೆ ಹಾಕಿದ ನೀರಿಗೆ ಬಿಡುವುದನ್ನು ಮರೆಯಬಾರದು. ಹೆಚ್ಚು ಹೊತ್ತು ಬೆಂದ ಮೊಟ್ಟೆಯ ಹಳದಿಯ ಸುತ್ತ ಹಸಿರು ಬಳೆಯೊಂದು ಕಾಣುತ್ತದೆ. ಬಿಳಿಯ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಆದ ಬಣ್ಣ ಅದು. ಹಾನಿಕರವಲ್ಲದಿದ್ದರೂ ಸಲಾಡಿನ ಬಣ್ಣವನ್ನೂ ವಾಸನೆಯನ್ನೂ ಅದು ಕೆಡಿಸುತ್ತದೆ.

ಕಲಸುವ ಕ್ರಮ

ನಾಲ್ವರಿಗೆ ನಾಲ್ಕು ಮೊಟ್ಟೆ, ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರು, ಒಂದು ಚಿಕ್ಕ ಈರುಳ್ಳಿ, ಅರ್ಧ ಎಳೆ ಸೌತೆಕಾಯಿ, ಒಂದು ಟೀ ಚಮಚ ಎಣ್ಣೆ, ಕಾಲು ಟೀ ಚಮಚ ಸಾಸಿವೆಯ ಪುಡಿ, ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ನಿಂಬೆರಸ, ಉಪ್ಪು. ಸೌತೆಯ ತಿರುಳಿನ ಬೀಜವನ್ನು ತೆಗೆದು, ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡಬೇಕು. ಈರುಳ್ಳಿಯನ್ನು ಹೆಚ್ಚಿ ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ ಬಸಿದರೆ ಘಾಟು ಇಳಿಯುತ್ತದೆ.

ಎಲ್ಲವನ್ನೂ ಒಮ್ಮೆಗೇ ಸುರಿದು ಕಲಸಿದರೆ ಮೊಟ್ಟೆಯ ಪಲ್ಯವಾದೀತೇ ವಿನಾ ಕೆನೆಯ ಸಲಾಡಾಗದು. ಮೊದಲು ಎರಡು ಮೊಟ್ಟೆಗಳ ಹಳದಿಯನ್ನು ಮಾತ್ರ ಬೇರೆ ಮಾಡಿ, ಫೋರ್ಕಿನಿಂದ ಪುಡಿಗುಟ್ಟಿ, ಎಣ್ಣೆ ಮತ್ತು ಸಾಸಿವೆಯ ಪುಡಿಯೊಡನೆ ನುಣ್ಣಗೆ ಅರೆಯಬೇಕು. ಅನಂತರ ಮೊಸರನ್ನು ಒಂದೊಂದೇ ಚಮಚದಂತೆ ಸೇರಿಸುತ್ತ ತಿರುವಬೇಕು. ಬೆಂದ ಹಳದಿಯಲ್ಲಿಯೂ ಲೆಸಿಥಿನ್ ಇದ್ದೇ ಇರುವುದರಿಂದ ಮಿಶ್ರಣವು ಗಂಟಿಲ್ಲದೆ, ತಿಳಿಹಳದಿಯ ಬಣ್ಣದ ಮೃದುವಾದ ಕೆನೆಯಾಗುತ್ತದೆ. ಉಳಿದ ಬಿಳಿಯ ಭಾಗ ಮತ್ತು ಎರಡು ಇಡೀ ಮೊಟ್ಟೆಗಳನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ತರಕಾರಿಯೊಡನೆ ಇದರಲ್ಲಿ ಹಗುರವಾಗಿ ಮಗುಚಬೇಕು. ಕೋಸಂಬರಿಯಂತೆ ಇಲ್ಲಿಯೂ ಉಪ್ಪು, ನಿಂಬೆಯ ರಸ ಬಡಿಸುವ ಮುನ್ನವೇ ಬೀಳಬೇಕು. ಮೊದಲೇ ಬಿದ್ದರೆ ನೀರೊಡೆಯುತ್ತದೆ. ಬ್ರೆಡ್ಡು ಬೇಡವಾದವರು ಚಪಾತಿಯಲ್ಲಿ ಸುತ್ತಿ ತಿನ್ನಬಹುದು, ಜೋಳದ ರೊಟ್ಟಿಗಂತೂ ಇದು ಬಹಳ ಚೆನ್ನಾಗಿ ಹೊಂದುತ್ತದೆ.

ಡಬ್ಬಿಯ ಪ್ರಶ್ನೆ

ಇಷ್ಟು ಸುಲಭವಾದ ಪದಾರ್ಥವನ್ನು ಆಫೀಸಿನ ಡಬ್ಬಿಗೂ ಕಟ್ಟಬಹುದಲ್ಲವೇ ಎಂಬ ಯೋಚನೆ ಸಹಜ. ಇಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ರೋಗಾಣುಗಳು ಶೀಘ್ರವಾಗಿ ವೃದ್ಧಿಯಾಗುವುದರಿಂದ ಇಂತಹ ತೇವವುಳ್ಳ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು. ಬೆಳಿಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ರೈಲು ಹತ್ತಿ, ಜನಜಂಗುಳಿಯಲ್ಲಿ ಚೀಲವನ್ನು ಎದೆಗವಚಿಕೊಂಡು ಕೋಟೆ ಪ್ರದೇಶವನ್ನು ತಲುಪಿ, ಒಂದು ಗಂಟೆಗೆ ಡಬ್ಬಿ ಬಿಚ್ಚುವವರ ಸಲಾಡು ಐದು ಗಂಟೆಗಳ ಕಾಲ ಸೆಕೆಯಲ್ಲಿ ಇದ್ದಂತಾಯಿತು. ಮೂಸಿ ನೋಡಿ ತಿಳಿಯುವಂತಿಲ್ಲ. ರೋಗಾಣುವಿದ್ದ ಆಹಾರವು ವಾಸನೆ ಬೀರಲೇಬೇಕೆಂಬ ನಿಯಮವಿಲ್ಲ. ಮಂಜುಗಡ್ಡೆಯ ಚೀಲವೋ, ಆಫೀಸಿನಲ್ಲಿ ಫ್ರಿಜ್ಜೋ ಇಲ್ಲದವರು ಇದನ್ನು ಡಬ್ಬಿಗೆ ಕಟ್ಟದಿರುವುದೇ ಸರಿ. ಚಪಾತಿ ಪಲ್ಯದ ಡಬ್ಬಿಗೆ ಏನು ಕೊರತೆಯಾಗಿದೆ?

ಇದು ರಾತ್ರಿಯ ಊಟದ ಪದಾರ್ಥ. ಒಂಬತ್ತು ಗಂಟೆಗೆ ಮನೆ ಸೇರುವವರು, ಕೋಣೆಯಲ್ಲಿ ಒಬ್ಬರೇ ಇರುವ ತರುಣರು, ನಿಲ್ದಾಣದ ಹೊರಗೆ ಕರಿದ ವಡಾ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಬದಲು ಇಪ್ಪತ್ತೈದು ನಿಮಿಷಗಳಲ್ಲಿ ಇದನ್ನು ಸಿದ್ಧಪಡಿಸಬಹುದು. ಮಾಡಿದ್ದು ಉಳಿದರೆ ಮುಚ್ಚಿದ ಪಾತ್ರೆಯಲ್ಲಿ ಕೂಡಲೇ ಫ್ರಿಜ್ಜಿಗಿಟ್ಟು ಮರುದಿನವೇ ಮುಗಿಸುವುದು ಒಳ್ಳೆಯದು. ಚಿಪ್ಪು ತೆಗೆಯದ ಬೆಂದ ಮೊಟ್ಟೆಯು ಫ್ರಿಜ್ಜಿನಲ್ಲಿ ಒಂದು ವಾರ ಉಳಿಯುತ್ತದೆ. ಭಾನುವಾರ ಬೇಯಿಸಿಟ್ಟುಕೊಂಡರೆ ಕೆಲಸ ಇನ್ನೂ ಹಗುರ.

ಜಮಾ ಮತ್ತು ಖರ್ಚು

ಸುಮಾರು 50 ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕವೂ 5 ಗ್ರಾಂ ಕೊಬ್ಬೂ ಇದ್ದು, 70ರಿಂದ 75 ಕ್ಯಾಲೊರಿ ದೊರೆಯುತ್ತದೆ. 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಬೇಕು. ಯಾವ ಆಹಾರ ಅಗ್ಗವೆಂದು ತಿಳಿಯಲು ಸುಲಭವಾದ ಲೆಕ್ಕವೊಂದಿದೆ. ಒಂದು ಮೊಟ್ಟೆಯ ಬೆಲೆಯನ್ನು 6ರಿಂದಲೂ, 100 ಗ್ರಾಂ ಪನೀರಿನ ಬೆಲೆಯನ್ನು 18ರಿಂದಲೂ, 100 ಗ್ರಾಂ ತೊಗರಿಬೇಳೆಯ ಬೆಲೆಯನ್ನು 22ರಿಂದಲೂ ಭಾಗಿಸಿದರೆ, ಒಂದೊಂದು ಗ್ರಾಂ ಸಸಾರಜನಕಕ್ಕೆ ತೆರುವ ಹಣ ತಿಳಿಯುತ್ತದೆ. ಈ ಪಂದ್ಯದಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಬೇಳೆಯೇ. ಎರಡನೆಯ ಸ್ಥಾನದಲ್ಲಿ ಮೊಟ್ಟೆಯು ಪನೀರನ್ನು ಹಿಂದಿಕ್ಕುತ್ತದೆ. ಆದರೆ ದೇಹಕ್ಕೆ ಬೇಕಾದ ಅಮೈನೊ ಆಮ್ಲಗಳೆಲ್ಲ ಸರಿಯಾದ ಪ್ರಮಾಣದಲ್ಲಿರುವುದು ಮೊಟ್ಟೆಯ ಹೆಚ್ಚಳ.

ಹಳದಿಯ ಬಗೆಗಿನ ಭೀತಿ ಹಳೆಯದು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟೆರಾಲ್ ಇದೆ. ಅಮೆರಿಕದ ಹೃದ್ರೋಗ ಸಂಘವು 1968ರಲ್ಲಿ ವಾರಕ್ಕೆ ಮೂರು ಹಳದಿಗಿಂತ ಹೆಚ್ಚು ಬೇಡವೆಂದು ಸಲಹೆ ನೀಡಿದ್ದಿತು. ಅದೇ ಸಂಘವು 2019ರಲ್ಲಿ, ಆರೋಗ್ಯವಂತರು ದಿನಕ್ಕೊಂದು ಇಡೀ ಮೊಟ್ಟೆಯನ್ನು ಸೇವಿಸಬಹುದೆಂದು ತಿಳಿಸಿತು. ಆಹಾರದ ಕೊಲೆಸ್ಟೆರಾಲಿಗಿಂತ ಬೆಣ್ಣೆ, ಡಾಲ್ಡಾದಂತಹ ಕೊಬ್ಬುಗಳೇ ರಕ್ತದ ಕೊಲೆಸ್ಟೆರಾಲನ್ನು ಹೆಚ್ಚಾಗಿ ಏರಿಸುತ್ತವೆಂಬುದು ಈಗಿನ ತಿಳಿವಳಿಕೆ. ಮಧುಮೇಹ, ಹೃದ್ರೋಗವುಳ್ಳವರು ಮಾತ್ರ ತಮ್ಮ ವೈದ್ಯರನ್ನು ಕೇಳಿ ಪ್ರಮಾಣವನ್ನು ನಿಶ್ಚಯಿಸಿಕೊಳ್ಳಬೇಕು. ಅವರಿಗಾಗಿ ಕೆನೆಗೆ ಬೇಕಾದ ಎರಡು ಹಳದಿಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕವನ್ನು ಬಿಟ್ಟರೂ ಸಲಾಡಿನ ರುಚಿಗೆ ಲೋಪವಾಗದು.

ಊರನ್ನು ಬಿಟ್ಟು ಮಕ್ಕಳೊಡನೆ ಇರಲು ಬಂದ ಹಿರಿಯರಲ್ಲಿ ಮೊಟ್ಟೆಯನ್ನು ಒಪ್ಪುವವರಿಗೆ ಇದು ವಿಶೇಷವಾಗಿ ಅನುಕೂಲ. ಹಲ್ಲು ಬಿದ್ದವರು ಬೇಳೆಕಾಳನ್ನೂ ಮಾಂಸವನ್ನೂ ಬಿಟ್ಟು ಗಂಜಿ, ಮೊಸರನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನಲ್ಲಿಯೇ ದಿನ ಕಳೆಯುತ್ತಾರೆ. ಸ್ನಾಯುಗಳು ಸೊರಗುವುದು ಹೀಗೆಯೇ. ಅವರಿಗಾಗಿ ಈರುಳ್ಳಿಯನ್ನು ಬಿಟ್ಟು, ಸೌತೆಯನ್ನು ತುರಿದು ಹಿಂಡಿ ಹಾಕಿ, ಮೊಟ್ಟೆಯನ್ನು ಪೂರ್ತಿಯಾಗಿ ಮಸೆದು, ಬ್ರೆಡ್ಡಿನ ಅಂಚನ್ನು ಕತ್ತರಿಸಿ ಕೊಡಬೇಕು. ರಕ್ತದೊತ್ತಡವುಳ್ಳವರ ಪಾಲನ್ನು ಉಪ್ಪು ಬೀಳುವ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟರಾಯಿತು.