ಸಣ್ಣ ವ್ಯಾಪಾರಿ ಮತ್ತು ಲೆಕ್ಕದ ಪುಸ್ತಕ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಕೇಳಿದರೆ ಅದು ನಮಾಝ್, ಉಪವಾಸ ಅಥವಾ ಹಜ್ಜ್‌ಗೆ ಸಂಬಂಧಿಸಿದ್ದಿರಬೇಕೆಂದು ನಮ್ಮಲ್ಲಿ ಅನೇಕರು ಊಹಿಸುತ್ತಾರೆ. ವಾಸ್ತವದಲ್ಲಿ ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದ ಸೂಕ್ತ (ಅಲ್‌ಬಕರಃ: 282). ನಮಾಝಿನ ವೇಳೆಯನ್ನು ತಪ್ಪಿಸದ ಎಷ್ಟೋ ಮಂದಿ ವ್ಯಾಪಾರಿಗಳು ಈ ಒಂದು ಆದೇಶದ ವಿಷಯದಲ್ಲಿ ಮಾತ್ರ ಉದಾಸೀನರಾಗಿರುವುದು ಸೋಜಿಗದ ಸಂಗತಿ. "ನನಗೆಲ್ಲ ನೆನಪಿದೆ", "ನಮ್ಮವರೇ ತಾನೇ, ಬರೆಯುವುದೇಕೆ?" ಎಂಬ ಮಾತುಗಳು ಪ್ರತಿದಿನ ಅಂಗಡಿಗಳಲ್ಲಿ ಕೇಳಿಬರುತ್ತವೆ. ನಾಲ್ಕಾರು ತಿಂಗಳು ಕಳೆದ ಮೇಲೆ ಜಗಳಗಳು ಹುಟ್ಟುವುದೂ ಈ ಮಾತುಗಳಿಂದಲೇ.

ಸೂಕ್ತವು ಕಲಿಸುವ ಕ್ರಮ

ಈ ಸೂಕ್ತದ ಆಶಯವನ್ನು ಒಂದೊಂದಾಗಿ ಗಮನಿಸೋಣ. ನಿರ್ದಿಷ್ಟ ಅವಧಿಗೆ ಸಾಲ ಮಾಡಿದಾಗ ಅದನ್ನು ಬರೆಯಬೇಕು. ಬರೆಯುವವನು ನ್ಯಾಯದಿಂದ ಬರೆಯಬೇಕು. ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು. ಸಾಲದ ಒಕ್ಕಣೆಯನ್ನು ಹೇಳಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಅವನು ಅಶಕ್ತನಾಗಿದ್ದರೆ ಅವನ ಪೋಷಕನು ಹೇಳಬೇಕು. ಸಾಕ್ಷಿಗಳಿರಬೇಕು. ಮೊತ್ತ ಸಣ್ಣದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದು. ಕೈಯಿಂದ ಕೈಗೆ ತಕ್ಷಣ ಮುಗಿಯುವ ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲ.

ಇಲ್ಲಿ ಎರಡು ವಿಷಯಗಳು ಗಮನಾರ್ಹ. ಒಂದು, ಬರೆಯುವುದು ಅಪನಂಬಿಕೆಯ ಚಿಹ್ನೆಯಲ್ಲ. ನಂಬಿಕಸ್ಥರ ನಡುವೆ ಸಂಶಯ ಹುಟ್ಟದಿರಲೆಂದೇ ಬರೆಯಬೇಕೆಂದು ಸೂಕ್ತವು ಕಾರಣವನ್ನೂ ತಿಳಿಸುತ್ತದೆ. ಇನ್ನೊಂದು, ಒಕ್ಕಣೆಯ ಅಧಿಕಾರವನ್ನು ದುರ್ಬಲನಾದ ಸಾಲಗಾರನಿಗೆ ನೀಡಲಾಗಿದೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಗಿರಾಕಿಯು ಸಾಮಾನು ಪಡೆದು ಹೋದ ಮೇಲೆ ಅಂಗಡಿಯವರು ಒಬ್ಬರೇ ಕುಳಿತು ತಮಗೆ ನೆನಪಾದಷ್ಟನ್ನು ಬರೆಯುತ್ತಾರೆ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ಗಿರಾಕಿಗೆ ಅದನ್ನು ತಿಳಿಯುವ ದಾರಿಯೇ ಇಲ್ಲ.

ನಮ್ಮ ಸೀಮೆಯ ಉದ್ರಿ

ಶಿರಾ ತಾಲೂಕಿನ ಪಟ್ಟನಾಯಕನಹಳ್ಳಿಯಂತಹ ಊರಿನಲ್ಲಿ ಉದ್ರಿಯಿಲ್ಲದೆ ಅಂಗಡಿ ನಡೆಯದು. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳ ಈ ಬಯಲುಸೀಮೆಯಲ್ಲಿ ಬಹುಪಾಲು ಕೃಷಿಯು ಮಳೆಯನ್ನೇ ನೆಚ್ಚಿಕೊಂಡಿದೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಕೈಗೆ ಬರುವುದು ಅಕ್ಟೋಬರ್-ನವೆಂಬರ್ ವೇಳೆಗೆ. ಅಲ್ಲಿಯವರೆಗೆ ರೈತನ ಮನೆಗೆ ಬೇಳೆ, ಎಣ್ಣೆ, ಸೋಪು ಹೋಗುವುದು ಉದ್ರಿಯಲ್ಲಿ. ಮಳೆ ಕೈಕೊಟ್ಟರೆ ಆ ಬಾಕಿಯು ಮುಂದಿನ ವರ್ಷಕ್ಕೆ ಉರುಳುತ್ತದೆ. ಸಗಟು ವ್ಯಾಪಾರಿಯಾದರೋ ಅಂಗಡಿಯವರಿಗೆ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳ ಗಡುವು ಕೊಟ್ಟಾನು. ಹದಿನೈದು ದಿನದ ಗಡುವಿನಲ್ಲಿ ತಂದು ನಾಲ್ಕು ತಿಂಗಳ ಗಡುವಿಗೆ ಮಾರುವವರ ಬಂಡವಾಳ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಲೆಕ್ಕವಿಲ್ಲದೆ ತಿಳಿಯಲು ಹೇಗೆ ಸಾಧ್ಯ? ಅಂಗಡಿ ತುಂಬ ಗಿರಾಕಿಗಳಿದ್ದರೂ ಗಲ್ಲಾ ಪೆಟ್ಟಿಗೆ ಬರಿದಾಗುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಡುವುದು ಇನ್ನೂ ಉತ್ತಮ ಎಂದು ಕುರ್‌ಆನ್ ಕಲಿಸುತ್ತದೆ (ಅಲ್‌ಬಕರಃ: 280). ಇದು ಬರೆದಿಡುವ ಆದೇಶಕ್ಕಿಂತ ಎರಡೇ ಸೂಕ್ತಗಳ ಮುಂಚೆ ಬಂದಿದೆ. ಯಾರಿಂದ ಎಷ್ಟು ಬರಬೇಕು, ತನ್ನಿಂದ ಎಷ್ಟು ದಿನ ತಡೆಯಲಾದೀತು ಎಂದು ತಿಳಿದವನು ಮಾತ್ರ ನಗುಮುಖದಿಂದ ಕಾಲಾವಕಾಶ ಕೊಡಬಲ್ಲನು. ಲೆಕ್ಕವಿಲ್ಲದವನು ಸಗಟು ವ್ಯಾಪಾರಿ ಬಾಗಿಲಿಗೆ ಬಂದ ದಿನ ತನ್ನ ಬಡ ಗಿರಾಕಿಯ ಮೇಲೆ ಹರಿಹಾಯುತ್ತಾನೆ.

ಫೋನು ಬರೆಯುವ ಲೆಕ್ಕ

2016ರಲ್ಲಿ ಯುಪಿಐ ಪಾವತಿ ಆರಂಭವಾಯಿತು. ಇಂದು ಹಳ್ಳಿಯ ಚಹಾದಂಗಡಿಯಲ್ಲೂ ಕ್ಯೂಆರ್ ಚೀಟಿ ಅಂಟಿಸಿದ್ದಾರೆ. ಇದರಿಂದ ಚಿಲ್ಲರೆಯ ತೊಂದರೆ ತಪ್ಪಿತು. ಆದರೆ ಇದರ ಜೊತೆಗೆ ಒಂದು ಭ್ರಮೆಯೂ ಬಂತು. ಫೋನಿನಲ್ಲಿ ಎಲ್ಲವೂ ಇದೆ, ಇನ್ನು ಪುಸ್ತಕವೇಕೆ ಎಂಬುದೇ ಆ ಭ್ರಮೆ. ಹಣ ಬಂತೆಂದು ಫೋನು ಹೇಳುತ್ತದೆ. ಅದು ಯಾತರ ಹಣವೆಂದು ಹೇಳುವುದಿಲ್ಲ.

2025ರ ಜುಲೈ ತಿಂಗಳಲ್ಲಿ ಇದು ಇಡೀ ರಾಜ್ಯಕ್ಕೆ ಮನದಟ್ಟಾಯಿತು. ಯುಪಿಐ ಮೂಲಕ ಬಂದ ಹಣದ ವಿವರಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂದುದು ದೊಡ್ಡ ಸುದ್ದಿಯಾಯಿತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಫಲಕಗಳು ತೂಗಿದವು. ತೆರಿಗೆಯಿಲ್ಲದ ವಸ್ತುಗಳನ್ನಷ್ಟೇ ಮಾರಿದವರಿಂದ ತೆರಿಗೆ ವಸೂಲಿ ಮಾಡುವುದಿಲ್ಲವೆಂದು ಸರಕಾರವು ಅನಂತರ ಸ್ಪಷ್ಟಪಡಿಸಿತು. ಆದರೂ ನೋಟೀಸು ಬಂದ ದಿನ ಉತ್ತರಿಸುವ ಹೊಣೆ ವ್ಯಾಪಾರಿಯ ಮೇಲೆಯೇ ಬಿತ್ತು. ಬರೆದಿಟ್ಟವನ ಬಳಿ ಉತ್ತರವಿತ್ತು.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಒಂದು ಅಂಗಡಿಯವರ ಫೋನಿಗೆ ತಿಂಗಳಿಗೆ 2,80,000 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳಿ. ಅದರಲ್ಲಿ 2,10,000 ಅಂದಂದಿನ ಮಾರಾಟದ ಹಣ. 20,000 ಹಳೆಯ ಉದ್ರಿಯ ವಸೂಲಿ, ಅದು ಸಾಮಾನು ಕೊಟ್ಟ ತಿಂಗಳಲ್ಲೇ ಮಾರಾಟದ ಲೆಕ್ಕಕ್ಕೆ ಸೇರಿತ್ತು. ಉಳಿದ 50,000 ಮನೆ ಕಟ್ಟಿಸಲು ತಮ್ಮನು ಕಳಿಸಿದ್ದು. ಇದಲ್ಲದೆ ನಗದು ಮಾರಾಟ 70,000, ಹೊಸ ಉದ್ರಿ 20,000. ತಿಂಗಳ ನಿಜವಾದ ಮಾರಾಟ 3,00,000. ವರ್ಷಕ್ಕೆ 36 ಲಕ್ಷ. ಆದರೆ ಯಾವುದನ್ನೂ ಬರೆಯದೆ, ಫೋನಿಗೆ ಬಂದುದೆಲ್ಲ ಮಾರಾಟವೆಂದು ಎಣಿಸಿದರೆ ತಿಂಗಳಿಗೆ 3,70,000. ವರ್ಷಕ್ಕೆ 44 ಲಕ್ಷದ 40 ಸಾವಿರ. ಕೇವಲ ವಸ್ತುಗಳನ್ನು ಮಾರುವವರು ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾದುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ. ರಿಪೇರಿ, ಟೈಲರಿಂಗ್, ಹೋಟೆಲಿನಂತಹ ಸೇವೆಗಳಿಗೆ ಈ ಮಿತಿ 20 ಲಕ್ಷ. ಮಿತಿಯ ಈಚೆಗಿರುವವರನ್ನು ಬರೆಯದ ಲೆಕ್ಕವು ಆಚೆಗೆ ದಾಟಿಸಿಬಿಡುತ್ತದೆ.

ಹಾಗೆಂದು ಫೋನನ್ನು ಬಿಟ್ಟು ನಗದಿಗೆ ಮರಳಿ ವಹಿವಾಟನ್ನು ಬಚ್ಚಿಡುವುದು ಪರಿಹಾರವಲ್ಲ. ನಗದಿನಲ್ಲಿ ಮಾರಿದ್ದೂ ಮಾರಾಟವೇ. ಮರೆಮಾಚುವಿಕೆಯು ಕಾನೂನಿನಲ್ಲಿ ಅಪರಾಧ, ವಿಶ್ವಾಸಿಗೆ ವಂಚನೆಯ ಪಾಪ. ಮಿತಿ ದಾಟಿದವರು ನೋಂದಣಿ ಮಾಡಿಸಬೇಕು. ಒಂದೂವರೆ ಕೋಟಿಯವರೆಗಿನ ವಹಿವಾಟಿನ ಅಂಗಡಿಯವರಿಗೆ ಶೇಕಡ 1ರಂತೆ ತೆರಿಗೆ ಕಟ್ಟುವ ರಾಜಿ ಪದ್ಧತಿಯೂ ಇದೆ. ಅದನ್ನು ಆರಿಸಿದವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಇವುಗಳಲ್ಲಿ ತಮಗೆ ಯಾವುದು ಸರಿಯೆಂದು ಲೆಕ್ಕ ಬಲ್ಲವರನ್ನು ಕೇಳಿ ತಿಳಿದುಕೊಳ್ಳಬೇಕು.

ದಿನಕ್ಕೆ ಹದಿನೈದು ನಿಮಿಷ

ಇದಕ್ಕೆ ಕಂಪ್ಯೂಟರಾಗಲೀ ಗುಮಾಸ್ತನಾಗಲೀ ಬೇಕಿಲ್ಲ. ಈ ಕ್ರಮವನ್ನು ಪಾಲಿಸಿದರೆ ಸಾಕು.

1. ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಕ್ಯೂಆರ್ ಚೀಟಿ ಆ ಖಾತೆಯದೇ ಆಗಿರಲಿ. ಮನೆಯ ಹಣ, ಚೀಟಿ ಹಣ, ಕೈಸಾಲ ಇವು ಬೇರೆ ಖಾತೆಗೆ ಬರಲಿ.

2. ಅಂಗಡಿ ಮುಚ್ಚುವ ಮುನ್ನ ಒಂದು ಪುಟದಲ್ಲಿ ಐದು ಸಾಲು ಬರೆಯಿರಿ: ನಗದು ಮಾರಾಟ, ಫೋನಿನ ಮಾರಾಟ, ಕೊಟ್ಟ ಉದ್ರಿ, ಬಂದ ಹಳೆಯ ಬಾಕಿ, ಹೊರಹೋದ ಹಣ. ಗಲ್ಲಾದಿಂದ ಮನೆಗೆ ತೆಗೆದುಕೊಂಡ ನೂರು ರೂಪಾಯಿಯೂ ಐದನೆಯ ಸಾಲಿಗೆ ಸೇರಬೇಕು.

3. ಉದ್ರಿಯನ್ನು ಗಿರಾಕಿಯ ಎದುರಿನಲ್ಲೇ, ಅವರ ಬಾಯಿಂದ ಹೇಳಿಸಿ ಬರೆಯಿರಿ. ಅವರ ಕೈಯಲ್ಲೂ ಒಂದು ಸಣ್ಣ ಪುಸ್ತಕವಿರಲಿ. ಉದ್ರಿ ಬರೆಯುವ ಆ್ಯಪ್‌ಗಳು ಫೋನಿನಲ್ಲಿವೆ, ಬರೆದೊಡನೆ ಗಿರಾಕಿಗೆ ಸಂದೇಶ ಹೋಗುತ್ತದೆ. ಸೂಕ್ತದ ಆಶಯಕ್ಕೆ ಇದು ಹೊಂದುತ್ತದೆ. ಓದು ಬಾರದ ಗಿರಾಕಿಗೆ ಮಾತ್ರ ಬಾಯಿಂದ ಓದಿ ಹೇಳಿರಿ.

4. ಫೋನು ಕಳೆಯಬಹುದು, ನೀರಿಗೆ ಬೀಳಬಹುದು. ವಾರಕ್ಕೊಮ್ಮೆ ಬಾಕಿಯ ಪಟ್ಟಿಯನ್ನು ಕಾಗದಕ್ಕೆ ಇಳಿಸಿರಿ. ತಿಂಗಳಿಗೊಮ್ಮೆ ಬ್ಯಾಂಕಿನ ವಿವರವನ್ನು ಪಡೆದು ಪುಸ್ತಕದೊಡನೆ ತಾಳೆ ನೋಡಿರಿ.

5. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ನಿಮ್ಮ ಹಣ ಹೊರಹೋಗುತ್ತಿದೆ ಎಂದರ್ಥ. ಗಿರಾಕಿ ತೋರಿಸುವ ಚಿತ್ರವನ್ನು ನಂಬದೆ ನಿಮ್ಮ ಖಾತೆಗೆ ಹಣ ಬಂದುದನ್ನು ಖಚಿತಪಡಿಸಿಕೊಳ್ಳಿರಿ. ಅಂಟಿಸಿದ ಚೀಟಿಯ ಮೇಲೆ ಬೇರೆಯವರ ಚೀಟಿ ಅಂಟಿಲ್ಲವೆಂದು ಬೆಳಿಗ್ಗೆ ಒಮ್ಮೆ ನೋಡಿರಿ. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿರಿ.

ಬರೆಯಬಲ್ಲವನು ನಿರಾಕರಿಸಬಾರದೆಂಬ ಮಾತನ್ನು ನಮ್ಮ ಯುವಕ-ಯುವತಿಯರು ವಿಶೇಷವಾಗಿ ಗಮನಿಸಬೇಕು. ಪಿಯುಸಿ ಓದುವ ಮಗಳು, ಪದವಿ ಮುಗಿಸಿದ ಮಗ ಮನೆಯಲ್ಲಿದ್ದೂ ತಂದೆಯ ಅಂಗಡಿಗೆ ಲೆಕ್ಕವಿಲ್ಲವೆಂದರೆ ಆ ವಿದ್ಯೆಯಿಂದ ಮನೆಗಾದ ಪ್ರಯೋಜನವೇನು? ರಾತ್ರಿ ಹದಿನೈದು ನಿಮಿಷ ಅಬ್ಬಾಜಾನರ ಪಕ್ಕದಲ್ಲಿ ಕುಳಿತು ಐದು ಸಾಲು ಬರೆದುಕೊಡುವುದೂ ತಂದೆಯ ಸೇವೆಯೇ.

ವರ್ಷದ ಯೋಜನೆ

ಈ ಸೀಮೆಯ ವ್ಯಾಪಾರಿಯು ಮೂರು ವರ್ಷಗಳನ್ನು ಒಟ್ಟಿಗೆ ಬಾಳುತ್ತಾನೆ. ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಬೆಳೆಯ ವರ್ಷ ಮುಂಗಾರಿನಿಂದ ಸುಗ್ಗಿಯವರೆಗೆ. ಝಕಾತಿನ ಚಾಂದ್ರ ವರ್ಷ ಸುಮಾರು 354 ದಿನಗಳದ್ದು; ಆದ್ದರಿಂದ ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕಳೆದ ಹಬ್ಬದ ತಾರೀಖು ನೋಡಿ ಸರಕು ತರಿಸಿದವನು ತಡವಾಗಿ ತರಿಸಿದಂತಾಗುತ್ತದೆ. ಮೂರನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಬಂಡವಾಳದ ಎಷ್ಟು ಪಾಲು ಉದ್ರಿಯಲ್ಲಿ ಹೊರಗಿರಬಹುದೆಂದು ಮುಂಗಾರಿಗೆ ಮುಂಚೆಯೇ ನಿಶ್ಚಯಿಸಿರಿ. ಸುಗ್ಗಿಯಲ್ಲಿ ಬಂದ ಬಾಕಿಯನ್ನೆಲ್ಲ ಹೊಸ ಸರಕಿಗೆ ಸುರಿಯದೆ ಬರದ ದಿನಕ್ಕೆ ಒಂದಿಷ್ಟು ಉಳಿಸಿರಿ. ಸಮೃದ್ಧಿಯ ಏಳು ವರ್ಷಗಳಲ್ಲಿ ಕೂಡಿಟ್ಟು ಬರದ ಏಳು ವರ್ಷಗಳನ್ನು ದಾಟಿದ ಪ್ರವಾದಿ ಯೂಸುಫರ(ಅ) ವೃತ್ತಾಂತದಲ್ಲಿ ಮಳೆಯಾಶ್ರಿತ ನಾಡಿನವರಿಗೆ ದೊಡ್ಡ ಪಾಠವಿದೆ.

ಲೆಕ್ಕವಿಲ್ಲದೆ ಝಕಾತ್ ಕೂಡಾ ಸರಿಯಾಗಿ ಸಂದಾಯವಾಗದು. ಕಪಾಟು, ಫ್ರಿಜ್, ತಕ್ಕಡಿಗಳಿಗೆ ಝಕಾತ್ ಇಲ್ಲ, ಮಾರಾಟದ ಸರಕಿಗೆ ಇದೆ. ವರ್ಷ ತುಂಬಿದ ದಿನ ಸರಕಿನ ಮಾರುಕಟ್ಟೆ ಬೆಲೆ 3,00,000, ಕೈಯಲ್ಲೂ ಬ್ಯಾಂಕಿನಲ್ಲೂ 60,000, ಬರುವ ಭರವಸೆಯುಳ್ಳ ಬಾಕಿ 50,000, ಸಗಟು ವ್ಯಾಪಾರಿಗೆ ಕೊಡಬೇಕಾದುದು 90,000 ಎಂದಿದ್ದರೆ ಉಳಿಯುವುದು 3,20,000. ಅದು ನಿಸಾಬ್ ತಲುಪಿದ್ದರೆ ಶೇಕಡ ಎರಡೂವರೆಯಂತೆ 8,000 ರೂಪಾಯಿ ಬಡವರ ಹಕ್ಕು. ಅಂದಾಜಿನಲ್ಲಿ ಕೊಟ್ಟವನು ಕಡಿಮೆ ಕೊಟ್ಟನೋ ಹೆಚ್ಚು ಕೊಟ್ಟನೋ ಅವನಿಗೇ ತಿಳಿಯದು.

ಕೊನೆಯ ಲೆಕ್ಕ

ಪ್ರವಾದಿವರ್ಯರ(ಸ) ಮುಂದೆ ಒಂದು ಜನಾಝವನ್ನು ತರಲಾಯಿತು. ಮೃತನಿಗೆ ಸಾಲವಿದೆಯೇ ಎಂದು ಅವರು ವಿಚಾರಿಸಿದರು. ಇದೆ ಎಂದಾಗ ತಾವು ನಮಾಝ್ ಮಾಡದೆ ಅನುಯಾಯಿಗಳಿಗೆ ಮಾಡಲು ಹೇಳಿದರು. ಅಬೂ ಕತಾದ(ರ) ಆ ಸಾಲವನ್ನು ತಮ್ಮ ಮೇಲೆ ವಹಿಸಿಕೊಂಡ ಬಳಿಕವೇ ಪ್ರವಾದಿ(ಸ) ನಮಾಝ್ ನಿರ್ವಹಿಸಿದರು. ಬುಖಾರಿಯಲ್ಲಿರುವ ಈ ಹದೀಸನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆ ದಿನ ಸಾಲವಿದೆಯೆಂದು ಹೇಳಲು ತಿಳಿದವರಿದ್ದರು. ನಮ್ಮ ಸಾಲ ನಮ್ಮ ನೆನಪಿನಲ್ಲಿ ಮಾತ್ರವಿದ್ದರೆ ಹೇಳುವವರು ಯಾರು? ಆಸ್ತಿ ಹಂಚುವ ಮೊದಲು ಸಾಲ ತೀರಬೇಕೆಂಬುದು ಕುರ್‌ಆನಿನ ವಿಧಿ (ಅನ್ನಿಸಾ: 11). ಕೊಡಬೇಕಾದುದು ತಿಳಿಯದ ಮಕ್ಕಳು ಅದನ್ನು ಹೇಗೆ ತೀರಿಸಿಯಾರು? ಬರಬೇಕಾದುದು ತಿಳಿಯದ ವಿಧವೆಯು ಯಾರ ಬಾಗಿಲು ತಟ್ಟಬೇಕು? ಫೋನಿನ ಬೀಗವು ತಂದೆಯ ಬೆರಳಿಗೆ ಮಾತ್ರ ತೆರೆಯುತ್ತಿತ್ತು!

ಆದ್ದರಿಂದ ಕೊಡತಕ್ಕದ್ದು, ಬರತಕ್ಕದ್ದು ಎರಡನ್ನೂ ಬರೆದ ಪುಸ್ತಕ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಬ್ಯಾಂಕ್ ಖಾತೆಗೆ ನಾಮಿನಿಯನ್ನು ಸೂಚಿಸಿರಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ಸೂಚಿಸಲು ಅವಕಾಶವಿದೆ. ನಾಮಿನಿಯು ಬ್ಯಾಂಕಿನಿಂದ ಹಣ ಪಡೆಯುವವನೇ ಹೊರತು ಏಕೈಕ ವಾರಸುದಾರನಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ ಹೇಳಿರಿ.

ಈ ಕೆಲಸಕ್ಕೆ ಬೇಕಾಗುವುದು ಒಂದು ಪುಸ್ತಕ, ಒಂದು ಪೆನ್ನು ಮತ್ತು ಇಂದಿನ ರಾತ್ರಿ. ಮೊದಲ ಪುಟದಲ್ಲಿ ಇತರರು ನಿಮಗೆ ಕೊಡಬೇಕಾದುದನ್ನು ಬರೆಯುವ ಮುನ್ನ, ನೀವು ಇತರರಿಗೆ ಕೊಡಬೇಕಾದುದನ್ನು ಬರೆಯಿರಿ. ನಮ್ಮ ವ್ಯವಹಾರಗಳಲ್ಲಿ ಅಲ್ಲಾಹನು ಸಮೃದ್ಧಿಯನ್ನು ಕರುಣಿಸಲಿ, ಯಾರ ಹಕ್ಕೂ ನಮ್ಮ ಕೊರಳಿನಲ್ಲಿ ಉಳಿಯದಂತೆ ಕಾಪಾಡಲಿ.