ದೇವರ ಕರೆಯನ್ನು ತಿಳಿಯುವುದು ಹೇಗೆ? (ಅಪೊಸ್ತಲರ ಕೃತ್ಯಗಳು 16:6-15)

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ. 6ನೇ ವಚನದಿಂದ. ಬೈಬಲ್ ತಂದಿಲ್ಲದವರು ಪಕ್ಕದವರ ಜೊತೆ ನೋಡಿಕೊಳ್ಳಿ.

ಮಕೆದೋನ್ಯದ ದರ್ಶನ ನಮಗೆಲ್ಲಾ ಗೊತ್ತು. ಸೇವೆಯ ಕರೆ ಅಂದ ಕೂಡಲೇ ಈ ಭಾಗ ಬಂದೇ ಬರುತ್ತೆ. ಆದರೆ ನಾವು ನೇರವಾಗಿ 9ನೇ ವಚನಕ್ಕೆ ಹಾರಿಬಿಡ್ತೇವೆ. 6, 7, 8ರಲ್ಲಿ ಯಾರೂ ನಿಲ್ಲೋದಿಲ್ಲ. ಇವತ್ತು ನಿಮ್ಮನ್ನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಬೇಕು ಅಂತಿದ್ದೇನೆ.

ಪೌಲ, ಸೀಲ, ತಿಮೊಥೆಯ ಈಗಿನ ಟರ್ಕಿ ದೇಶದಲ್ಲಿ ಫ್ರುಗ್ಯ, ಗಲಾತ್ಯ ಸೀಮೆಗಳನ್ನು ಹಾದು ಹೋಗ್ತಿದ್ದಾರೆ. ಪಶ್ಚಿಮಕ್ಕೆ ಆಸ್ಯ ಸೀಮೆ, ಅಲ್ಲಿ ಎಫೆಸದಂಥ ದೊಡ್ಡ ಪಟ್ಟಣ. ವಾಕ್ಯ ಸಾರೋದಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಆದರೆ ಪವಿತ್ರಾತ್ಮನು ಬೇಡ ಅಂದನು. ಸರಿ, ಉತ್ತರಕ್ಕೆ ಬಿಥೂನ್ಯದ ಕಡೆ ಹೋಗೋಣ ಅಂತ ಪ್ರಯತ್ನಪಟ್ಟರು. ಅಲ್ಲಿಗೂ ಯೇಸುವಿನ ಆತ್ಮನು ಬಿಡಲಿಲ್ಲ. ಗಮನಿಸಿ, ಕೆಟ್ಟ ಕೆಲಸಕ್ಕೆ ಹೊರಟವರನ್ನಲ್ಲ, ಸುವಾರ್ತೆ ಸಾರಲು ಹೊರಟವರನ್ನೇ ದೇವರು ತಡೆದನು. ಎರಡು ಸಲ! ಹೇಗೆ ತಡೆದನು? ಪ್ರವಾದನೆಯಿಂದಲೋ, ಕಾಯಿಲೆಯಿಂದಲೋ, ಹೊಳೆ ತುಂಬಿ ಹರೀತಿತ್ತೋ, ಲೂಕ ಒಂದು ಮಾತೂ ಬರೆದಿಲ್ಲ. ಬರೆಯದೇ ಇದ್ದದ್ದು ಒಳ್ಳೇದಾಯ್ತು ಅನ್ನುತ್ತೇನೆ ನಾನು. ಬರೆದಿದ್ದರೆ ನಾವು ಅದನ್ನೇ ಒಂದು ವಿಧಾನ ಮಾಡಿಕೊಳ್ತಿದ್ವಿ.

ಎಡಕ್ಕೆ ಬಾಗಿಲು ಮುಚ್ಚಿದೆ, ಬಲಕ್ಕೂ ಮುಚ್ಚಿದೆ. ಅವರು ಮುನಿಸಿಕೊಂಡು ಊರಿಗೆ ವಾಪಸ್ ಹೋಗಲಿಲ್ಲ. ಉಳಿದಿದ್ದ ದಾರಿಯಲ್ಲೇ ನಡೆದು, ಮೂಸ್ಯವನ್ನು ದಾಟಿ ತ್ರೋವಕ್ಕೆ ಬಂದರು. ನೂರಾರು ಕಿಲೋಮೀಟರ್ ದಾರಿ, ಎಲ್ಲಿಗೆ ಅಂತ ಗೊತ್ತಿಲ್ಲ. ಮುಂದೆ ಸಮುದ್ರ. ದರ್ಶನ ಬಂದದ್ದು ಅಲ್ಲಿ.

ನಮ್ಮ ಯೌವನಸ್ಥರು ಬಂದು ಹೇಳ್ತಾರೆ: ಪಾಸ್ಟರ್, ದೇವರ ಚಿತ್ತ ಗೊತ್ತಾಗೋ ತನಕ ನಾನು ಏನೂ ಮಾಡಲ್ಲ. ಹೀಗೇ ಎರಡು ವರ್ಷ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡಪ್ಪಾ ಅಂದ್ರೆ, ಅದಕ್ಕೂ ಕರೆ ಬಂದಿಲ್ಲವಂತೆ! ತಮ್ಮಾ, ಪೌಲನಿಗೆ ದರ್ಶನ ಬಂದ ರಾತ್ರಿ ಅವನ ಕಾಲಲ್ಲಿ ದಾರಿಯ ಧೂಳಿತ್ತು.

ಈಗ 10ನೇ ವಚನ. ದರ್ಶನ ಕಂಡವನು ಪೌಲ ಒಬ್ಬನೇ. ಆದರೆ ದೇವರು ಕರೆದಿದ್ದಾನೆಂದು ತೀರ್ಮಾನಿಸಿದವರು ಯಾರು? "ನಾವು." ಬರೆಯುತ್ತಿರುವ ಲೂಕ ಇಲ್ಲಿ ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಆ ತೀರ್ಮಾನಕ್ಕೆ ಗ್ರೀಕಿನಲ್ಲಿರುವ ಪದಕ್ಕೆ, ಬಿಡಿ ಬಿಡಿಯಾದದ್ದನ್ನು ಒಟ್ಟಿಗೆ ಜೋಡಿಸುವುದು ಎಂಬ ಅರ್ಥವಿದೆ. ಆಸ್ಯದ ತಡೆ, ಬಿಥೂನ್ಯದ ತಡೆ, ಈ ದರ್ಶನ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಪೊಸ್ತಲನಾಗಿದ್ದೂ ಪೌಲನು ತನ್ನ ದರ್ಶನವನ್ನು ಸಂಗಡಿಗರ ಮುಂದಿಟ್ಟನು.

ಪೆಂತೆಕೋಸ್ತಿನವರಾದ ನಾವು ಇದನ್ನು ಕೇಳಿಸಿಕೊಳ್ಳಬೇಕು. ಕರ್ತನು ನನ್ನ ಹತ್ತಿರ ಮಾತಾಡಿದನು ಅಂದುಬಿಟ್ಟರೆ ಮುಗೀತು, ಆಮೇಲೆ ಯಾರೂ ಬಾಯಿ ತೆಗೀಬಾರದು. ಆ ಒಂದು ಮಾತಿನ ಮೇಲೆ ಇರೋ ಮನೆ ಮಾರಿದವರನ್ನು ನೋಡಿದ್ದೇನೆ. ಮಗಳು ಒಪ್ಪದ ಸಂಬಂಧವನ್ನು ನಿಶ್ಚಯಿಸಿದವರನ್ನೂ ನೋಡಿದ್ದೇನೆ. ಹೆಂಡತಿಯನ್ನು ಕೇಳಿಲ್ಲ, ಹಿರಿಯರನ್ನು ಕೇಳಿಲ್ಲ. ನಾನು ದರ್ಶನವನ್ನು ನಂಬುತ್ತೇನೆ, ಪ್ರವಾದನೆಯನ್ನು ನಂಬುತ್ತೇನೆ. ಆದರೆ ಇದೇ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರಿಕೆಯ 5ನೇ ಅಧ್ಯಾಯ ನೋಡಿ. ಆತ್ಮನನ್ನು ನಂದಿಸಬಾರದು ಅನ್ನುವ ಮಾತು, ಎಲ್ಲವನ್ನೂ ಪರೀಕ್ಷಿಸಬೇಕು ಅನ್ನುವ ಮಾತು, ಎರಡೂ ಹತ್ತಿರ ಹತ್ತಿರವೇ ಇವೆ. ಒಂದನ್ನು ಮಾತ್ರ ಇಟ್ಟುಕೊಳ್ಳೋಕೆ ನಮಗೆ ಅಧಿಕಾರವಿಲ್ಲ.

ಹಡಗು ಹತ್ತಿದರು. ತ್ರೋವದಿಂದ ಸಮೊಥ್ರಾಕೆ, ಮರುದಿನ ನೆಯಾಪೊಲಿ. ಎರಡೇ ದಿನ. ಗಾಳಿ ಅನುಕೂಲವಾಗಿದ್ದರೆ ಅದೇ ದೇವರ ಚಿತ್ತ ಅಂತ ಲೆಕ್ಕ ಹಾಕಬೇಡಿ ಮತ್ತೆ. ಮುಂದೆ ಇದೇ ಪೌಲ ಇದೇ ಸಮುದ್ರದಲ್ಲಿ ತಿರುಗಿ ಬರುವಾಗ ಐದು ದಿನ ಹಿಡಿಯಿತು, 20:6ರಲ್ಲಿದೆ.

ದರ್ಶನದಲ್ಲಿ ಕಂಡವನು ಒಬ್ಬ ಗಂಡಸು. ಫಿಲಿಪ್ಪಿಯಲ್ಲಿ ಸಬ್ಬತ್ ದಿನ ನದಿಯ ಬಳಿ ಸಿಕ್ಕಿದವರು ಹೆಂಗಸರು. ನಾವಾಗಿದ್ದರೆ, ದರ್ಶನದ ಮನುಷ್ಯ ಎಲ್ಲಿ ಅಂತ ಹುಡುಕಿಕೊಂಡು ಮುಂದೆ ಹೋಗ್ತಿದ್ವೇನೋ. ಪೌಲ ಕೂತು ಅವರ ಜೊತೆ ಮಾತಾಡಿದ. ಕರ್ತನು ಒಬ್ಬಳ ಹೃದಯವನ್ನು ತೆರೆದನು. ಲುದ್ಯಳು, ಧೂಮ್ರವರ್ಣದ ಬಟ್ಟೆಗಳ ವ್ಯಾಪಾರಿ. ಅವಳ ಊರು? 14ನೇ ವಚನ ಜೋರಾಗಿ ಓದಿ. ಥುವತೈರ! ಥುವತೈರ ಎಲ್ಲಿದೆ ಗೊತ್ತಾ? ಆಸ್ಯ ಸೀಮೆಯಲ್ಲಿ. ಯಾವ ಸೀಮೆಯಲ್ಲಿ ಮಾತಾಡಬೇಡ ಅಂತ ಆತ್ಮನು ತಡೆದನೋ, ಅದೇ ಸೀಮೆಯವಳು ಸಮುದ್ರದ ಈಚೆ ದಡದಲ್ಲಿ ಕೂತಿದ್ದಳು. ಹಲ್ಲೆಲೂಯಾ!

ಇದೇ ಊರಲ್ಲಿ ಮುಂದೆ ಪೌಲ ಸೀಲರಿಗೆ ಛಡಿ ಏಟು ಬಿತ್ತು, ಸೆರೆಮನೆಯೂ ಆಯಿತು. ಅದನ್ನು ಮನೆಯಲ್ಲಿ ಓದಿಕೊಳ್ಳಿ. ಜೊತೆಗೆ 19:10ನ್ನೂ ಓದಿ. ಆಮೇಲೆ ಅದೇ ಪೌಲನು ಎಫೆಸದಲ್ಲಿ ಎರಡು ವರ್ಷ ಬೋಧಿಸಿದಾಗ ಆಸ್ಯದಲ್ಲಿದ್ದವರೆಲ್ಲಾ ವಾಕ್ಯ ಕೇಳಿದರು.

ಕೆಲಸದ ವಿಷಯ, ಮದುವೆ ವಿಷಯ, ಸೇವೆಗೆ ಹೊರಡುವ ವಿಷಯ, ಈ ವಾರ ತೀರ್ಮಾನ ಮಾಡಬೇಕಾದವರು ಇಲ್ಲಿ ಇದ್ದೀರಿ. ಆರಾಧನೆ ಮುಗಿದ ಮೇಲೆ ಹೋಗಿಬಿಡಬೇಡಿ, ಹಿರಿಯರು ಇಲ್ಲೇ ಇರುತ್ತಾರೆ. ದರ್ಶನ ಬಂದಿದೆ ಅನ್ನುವವರೂ ಬನ್ನಿ, ಏನೂ ಕಾಣ್ತಿಲ್ಲ ಅನ್ನುವವರೂ ಬನ್ನಿ. ಮನೆಯವರನ್ನೂ ಕರೆದುಕೊಂಡು ಬನ್ನಿ. ಮೊದಲು ಕೂತು ಮಾತಾಡೋಣ, ಆಮೇಲೆ ಒಟ್ಟಿಗೆ ಪ್ರಾರ್ಥಿಸೋಣ.