ಎರಡನೆಯ ಬಾಣ: ಕಾಲೇಜು ಓದುವ ನಮ್ಮ ಮಕ್ಕಳ ಮನಸ್ಸು

ಇಂದಿನ ಧಮ್ಮಚಿಂತನೆ ಸ್ವಲ್ಪ ಉದ್ದವಾಗಿದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದವರು ತಪ್ಪದೇ ಕೊನೆವರೆಗೂ ಓದಬೇಕು, ಮಕ್ಕಳಿಗೂ ಕಳಿಸಬೇಕು.

ಹೋದ ರವಿವಾರ ಓದುಬಳಗದಲ್ಲಿ ಇಬ್ಬರು ತಾಯಂದಿರು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. ಒಬ್ಬರ ಮಗ ಧಾರವಾಡದಲ್ಲಿ, ಇನ್ನೊಬ್ಬರ ಮಗಳು ಬೆಳಗಾವಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದಾರೆ. "ಸರ, ಊರಿಗೆ ಬಂದ್ರೂ ಯಾರ ಜೋಡಿನೂ ಮಾತಾಡಂಗಿಲ್ರೀ. ಊಟ ಸೇರಂಗಿಲ್ಲ, ರಾತ್ರಿಯೆಲ್ಲಾ ಎಚ್ಚರ ಇರ್ತಾನ. ಧ್ಯಾನ ಮಾಡಿಸಿದ್ರ ಸರಿ ಹೋಗ್ತಾನೇನ್ರೀ?" ಹೌದು ಎಂದುಬಿಟ್ಟರೆ ಅದು ಅರ್ಧ ಉತ್ತರವಾಗುತ್ತದೆ. ಇನ್ನರ್ಧ ಹೇಳದೇ ಬಿಟ್ಟರೆ ಆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಹಾಗಾಗಿ ಎರಡೂ ಅರ್ಧಗಳನ್ನು ಬರೆಯುತ್ತಿದ್ದೇನೆ.

ಸಂಯುತ್ತ ನಿಕಾಯದಲ್ಲಿ ಸಲ್ಲತ್ಥ ಸುತ್ತ ಎಂಬ ಚಿಕ್ಕ ಸುತ್ತವಿದೆ. ಪಾಲಿಯ ಸಲ್ಲ ಎಂದರೆ ಸಂಸ್ಕೃತದ ಶಲ್ಯ. ಮೈಯಲ್ಲಿ ನೆಟ್ಟು ಒಳಗೇ ಉಳಿದ ಬಾಣದ ಮೊನೆ. ಭಗವಾನರು ಅಲ್ಲಿ ಹೇಳುವುದಿಷ್ಟು. ನೋವು ಅರಿತವನಿಗೂ ಬರುತ್ತದೆ, ಅರಿಯದವನಿಗೂ ಬರುತ್ತದೆ. ಅರಿತವನಿಗೆ ಒಂದೇ ಬಾಣ ತಾಗುತ್ತದೆ. ಅರಿಯದವನು ನೋವಿನ ಮೇಲೆ ಅಳು, ದಿಗಿಲು, ಸಿಟ್ಟು ಎಲ್ಲವನ್ನೂ ಹೇರಿಕೊಂಡು ಅದೇ ಗಾಯದ ಹತ್ತಿರ ಎರಡನೆಯ ಬಾಣವನ್ನೂ ನೆಡಿಸಿಕೊಳ್ಳುತ್ತಾನೆ. ಅದೇ ಸುತ್ತದಲ್ಲಿ ಇನ್ನೊಂದು ಮಾತಿದೆ, ಇಂದಿನ ಹಾಸ್ಟೆಲ್ ನೋಡಿಯೇ ಹೇಳಿದಂತಿದೆ: ನೋವಿನಿಂದ ಪಾರಾಗಲು ಬೇರೆ ದಾರಿ ಗೊತ್ತಿಲ್ಲದವನು ಇಂದ್ರಿಯಸುಖದ ಕಡೆಗೆ ಓಡುತ್ತಾನೆ. ರಾತ್ರಿ ಎರಡರವರೆಗೆ ರೀಲ್ಸ್ ನೋಡುವ ಹುಡುಗನೂ, ಗುಟ್ಕಾ ಹಿಡಿದವನೂ, ಪರೀಕ್ಷೆ ಮುಗಿದ ದಿನ ಬಾಟಲಿ ಹಿಡಿದವನೂ ಕೆಟ್ಟವರಲ್ಲ. ಅವರಿಗೆ ಬೇರೆ ಬಾಗಿಲು ಕಂಡಿಲ್ಲ.

ನಮ್ಮ ಮಕ್ಕಳ ಮೊದಲ ಬಾಣ ಯಾವುದು? ಮನೆತನದಲ್ಲೇ ಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಗು ಅದು. ಪದವಿವರೆಗೆ ಕನ್ನಡದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕು. ವಿದ್ಯಾರ್ಥಿವೇತನ ಯಾವಾಗ ಖಾತೆಗೆ ಬೀಳುತ್ತದೋ ಗೊತ್ತಿಲ್ಲ. ಹೊಸದಾಗಿ ಪರಿಚಯವಾದವನು ಮೊದಲು ಹೆಸರು ಕೇಳುತ್ತಾನೆ, ಆಮೇಲೆ ಅಡ್ಡಹೆಸರು, ಆಮೇಲೆ "ನಿಮ್ದು ಯಾವ ಓಣಿ?" ಅನ್ನುತ್ತಾನೆ. ಅವ್ವ ಕೂಲಿ ದುಡ್ಡು ಫೋನ್‌ಪೇ ಮಾಡಿಸಿ ಕಳಿಸಿದ್ದಾಳೆ, ಅದರ ಭಾರ ಬೇರೆ. ಇವೆಲ್ಲ ನಿಜವಾದ ಬಾಣಗಳು, ಹೊರಗಿನಿಂದ ಬಂದವು. ಎರಡನೆಯದು ಒಳಗೆ ಹುಟ್ಟುತ್ತದೆ: "ನಾನೇ ದಡ್ಡ. ಇದು ನಮ್ಮಂಥವರ ಜಾಗ ಅಲ್ಲ."

ಇಲ್ಲಿ ಬಾಬಾಸಾಹೇಬರ ಬದುಕಿನ ಒಂದು ದಿನ ನೆನೆಯಬೇಕು. 1913ರಿಂದ 1916ರವರೆಗೆ ಅಮೆರಿಕದ ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ವಯಸ್ಸು 26. ಈಗ ನಮ್ಮಲ್ಲಿ ಪಿಎಚ್‌ಡಿ ಮಾಡುವ ಹುಡುಗರ ವಯಸ್ಸು. ಉಳಿಯಲು ಮನೆ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಜಾತಿ ತಿಳಿದ ಮೇಲೆ ಬಡಿಗೆ ಹಿಡಿದ ಗುಂಪು ಬಂದು ಅಲ್ಲಿಂದಲೂ ಹೊರಹಾಕಿತು. ಮುಂಬೈ ರೈಲಿನ ಹೊತ್ತಾಗುವವರೆಗೆ ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಒಬ್ಬರೇ ಕೂತರು. ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. ಎಷ್ಟೋ ವರ್ಷಗಳ ಮೇಲೂ ಅದನ್ನು ನೆನೆದರೆ ಕಣ್ಣೀರು ತಡೆಯಲಾಗದು ಎಂದೂ ಬರೆದಿದ್ದಾರೆ. ನಮ್ಮ ಗಂಡುಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಬಾಬಾಸಾಹೇಬರು ಅತ್ತಿದ್ದಾರೆ, ಅತ್ತಿದ್ದನ್ನು ಮುಚ್ಚಿಟ್ಟಿಲ್ಲ. ಆದರೆ ಆ ಗಾಯವನ್ನು ಹಿಡಿದು "ನಾನು ಅಯೋಗ್ಯ" ಅನ್ನುವ ತೀರ್ಮಾನಕ್ಕೆ ಅವರು ಹೋಗಲಿಲ್ಲ. ಬಾಣ ಎಸೆದ ಕೈ ಯಾವುದು ಎಂದು ನೋಡಿದರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು.

ಈಗ ಆ ತಾಯಂದಿರ ಪ್ರಶ್ನೆಗೆ ಬರೋಣ. ಎರಡನೆಯ ಬಾಣ ತಡೆಯಲು ನನ್ನ ಲೆಕ್ಕದಲ್ಲಿ ಮೊದಲು ಬೇಕಾದದ್ದು ಕೂತು ಮಾಡುವ ಧ್ಯಾನ ಅಲ್ಲ, ನಡಿಗೆ.

ವ್ಯಾಯಾಮ ಎಂದರೆ ನಮ್ಮ ಹಿರಿಯರು ನಗುತ್ತಾರೆ. "ಕಬ್ಬು ಕಡಿಯೋ ಮೈಗೆ ಕಸರತ್ತು ಯಾಕೋ?" ಅವರ ಮಾತು ಅವರ ಮಟ್ಟಿಗೆ ಖರೇ. ಆದರೆ ಅವರ ಮಗ ಈಗ ಕಬ್ಬು ಕಡಿಯುತ್ತಿಲ್ಲ, ದಿನಕ್ಕೆ ಹತ್ತು ತಾಸು ಕುರ್ಚಿಯ ಮೇಲೆ, ಉಳಿದ ಹೊತ್ತು ಹಾಸಿಗೆಯ ಮೇಲೆ ಇದ್ದಾನೆ. ತಲೆತಲಾಂತರದಿಂದ ದುಡಿದ ಮೈ ಒಮ್ಮೆಲೇ ನಿಂತಿದೆ. ಅಂಗುತ್ತರ ನಿಕಾಯದ ಚಂಕಮ ಸುತ್ತದಲ್ಲಿ ಭಗವಾನರು ನಡಿಗೆಯ ಐದು ಲಾಭ ಹೇಳುತ್ತಾರೆ: ದೂರದ ಪಯಣಕ್ಕೆ ಮೈ ಹದವಾಗುತ್ತದೆ, ಸಾಧನೆಗೆ ಶಕ್ತಿ ಬರುತ್ತದೆ, ರೋಗ ಕಡಿಮೆ, ಉಂಡದ್ದು ಅರಗುತ್ತದೆ, ನಡೆಯುತ್ತ ಗಳಿಸಿದ ಏಕಾಗ್ರತೆ ಬಹುಕಾಲ ಉಳಿಯುತ್ತದೆ. ಐದರಲ್ಲಿ ನಾಲ್ಕು ಮೈಗೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಬೋಧಗಯಾಕ್ಕೆ ಹೋಗಿ ಬಂದವರು ಮಹಾಬೋಧಿ ವಿಹಾರದ ಪಕ್ಕದ ಚಂಕಮಣ ಕಟ್ಟೆಯನ್ನು ನೋಡಿರುತ್ತೀರಿ. ಬೋಧಿ ಪಡೆದವರೂ ನಡೆದರು.

ಇಂದಿನ ವಿಜ್ಞಾನವೂ ಈ ಕಡೆಗೇ ಬಂದಿದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 218 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ಅಧ್ಯಯನ ಪ್ರಕಟಿಸಿತು. ಒಟ್ಟು 14 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ನಡಿಗೆ, ಓಟ, ಯೋಗ, ಭಾರ ಎತ್ತುವುದು ಇವು ಖಿನ್ನತೆಯನ್ನು ತಗ್ಗಿಸುತ್ತವೆ ಎಂದು ಅದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುತ್ತದೆ. ಐದು ದಿನ ಅರ್ಧ ತಾಸು ಆಯಿತು. ಇದಕ್ಕೆ ಜಿಮ್ ಫೀ ಬೇಕಿಲ್ಲ. ರಜೆಗೆ ಊರಿಗೆ ಬಂದಾಗ ಘಟಪ್ರಭಾ ಕಾಲುವೆಯ ದಂಡೆ ಇದೆ, ಸಾಲಿ ಮೈದಾನ ಇದೆ, ಕಬಡ್ಡಿ ಇದೆ. ಹೆಣ್ಣುಮಕ್ಕಳಿಗೆ "ನಸುಕಿನ ಐದಕ್ಕೆ ಎದ್ದು ಓಡು" ಎಂದು ಹೇಳುವುದು ಸುಲಭ. ಅವರು ಯಾವ ರಸ್ತೆಯಲ್ಲಿ ಓಡಬೇಕು ಎಂದು ಯಾರೂ ಹೇಳುವುದಿಲ್ಲ. ಇಬ್ಬರು ಮೂವರು ಗೆಳತಿಯರು ಕೂಡಿ ಹಾಸ್ಟೆಲ್ ಆವರಣದಲ್ಲೋ ಮಾಳಿಗೆಯ ಮೇಲೋ ಸಂಜೆ ನಡೆದರೂ ಅಷ್ಟೇ ಫಲ. ಭಿಕ್ಖುಗಳ ಚಂಕಮಣವೂ ಉದ್ದನೆಯ ರಸ್ತೆಯಲ್ಲ, ಸಣ್ಣ ಜಾಗದಲ್ಲಿ ಆಚೆಯಿಂದೀಚೆಗೆ.

ಒಂದು ವಾರ ನಡೆದ ಮೇಲೆ ಕೂರಬಹುದು. ಆನಾಪಾನಸತಿಗೆ ಮಂತ್ರ ಬೇಡ, ಮೂರ್ತಿ ಬೇಡ, ಊದುಬತ್ತಿಯೂ ಬೇಡ. ಬೆನ್ನು ನೆಟ್ಟಗಿರಲಿ, ಹತ್ತು ನಿಮಿಷ ಸಾಕು. ಉಸಿರು ಉದ್ದ ಬಂದರೆ ಉದ್ದ ಬಂತು ಎಂದು ಅರಿಯುವುದು, ಗಿಡ್ಡ ಬಂದರೆ ಗಿಡ್ಡ ಎಂದು ಅರಿಯುವುದು, ತಿದ್ದಲು ಹೋಗಬಾರದು. ಮನಸ್ಸು ಓಡಿಹೋಗುತ್ತದೆ. ನಾಳಿನ ಇಂಟರ್ನಲ್ಸ್ ನೆನಪಾಗುತ್ತದೆ, ಯಾರೋ ಅಂದ ಮಾತು ನೆನಪಾಗುತ್ತದೆ. ಓಡಿದ್ದು ಗೊತ್ತಾದ ಗಳಿಗೆಯೇ ಸತಿ, ಬೈದುಕೊಳ್ಳದೇ ಮರಳಿ ಉಸಿರಿಗೆ ಬರುವುದು. "ನನಗ ಧ್ಯಾನ ಬರಂಗಿಲ್ಲ, ಮನಸ್ಸು ನಿಲ್ಲಂಗಿಲ್ಲ" ಅನ್ನುವವರು ನಿಜವಾಗಿ ಧ್ಯಾನವನ್ನೇ ಮಾಡುತ್ತಿರುತ್ತಾರೆ. ಹೀಗೆ ನೋಡನೋಡುತ್ತ "ನಾನು ದಡ್ಡ" ಎಂಬುದು ಬಂದು ಹೋಗುವ ಒಂದು ವಿಚಾರ ಎಂದು ಕಾಣತೊಡಗುತ್ತದೆ. ಸತ್ಯವಲ್ಲ, ವಿಚಾರ.

ಇದರ ಫಲವನ್ನೂ ಅಳೆದು ನೋಡಿದ್ದಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 616 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಂಟು ವಾರ ಸತಿಯ ಅಭ್ಯಾಸ ಕಲಿತವರಿಗೆ ಪರೀಕ್ಷೆಯ ದಿನಗಳಲ್ಲಿ ತಳಮಳ ಕಡಿಮೆ ಇತ್ತು. ಆದರೆ 2022ರಲ್ಲಿ ಇಂಗ್ಲೆಂಡಿನ ಕಡೆಯಿಂದ ಇನ್ನೊಂದು ವರದಿ ಬಂತು. ಎಂಟು ಸಾವಿರಕ್ಕೂ ಹೆಚ್ಚು ಸಾಲಿ ಮಕ್ಕಳನ್ನು ಒಳಗೊಂಡ ಆ ಪ್ರಯೋಗದಲ್ಲಿ, ಇದನ್ನೇ ಕ್ಲಾಸಿನ ಪಾಠ ಮಾಡಿ ಎಲ್ಲರಿಗೂ ಕಲಿಸಿದಾಗ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಕೇಂಬ್ರಿಜ್‌ನವರು ದೊಡ್ಡವರು, ತಾವಾಗಿ ಮುಂದೆ ಬಂದವರು. ಮಾಸ್ತರನಾಗಿ ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ಅಪ್ಪ ಅವ್ವ ಮಕ್ಕಳನ್ನು ಕಿವಿ ಹಿಡಿದು ಕೂರಿಸಬೇಡಿ. ನೀವು ಕೂರಿ, ಪಕ್ಕದಲ್ಲಿ ಜಾಗ ಬಿಡಿ.

ಅತಿಯೂ ಬೇಡ. ಸೋಣ ಎಂಬ ಭಿಕ್ಖು ಅಂಗಾಲು ಒಡೆದು ನೆತ್ತರು ಬರುವವರೆಗೆ ಚಂಕಮಣ ಮಾಡಿ, ಫಲ ಕಾಣದೇ ಮನೆಗೆ ಮರಳುವ ಯೋಚನೆಯಲ್ಲಿದ್ದ. ಅವನು ಮೊದಲು ವೀಣೆ ನುಡಿಸುತ್ತಿದ್ದವನು. ತಂತಿ ಬಹಳ ಬಿಗಿದರೆ ನುಡಿಯುತ್ತದೆಯೇ, ಸಡಿಲ ಬಿಟ್ಟರೆ ನುಡಿಯುತ್ತದೆಯೇ ಎಂದು ಭಗವಾನರು ಕೇಳಿದರು. ಕೆಎಎಸ್, ನೆಟ್, ಪಿಎಸ್‌ಐ ಎಂದು ದಿನಕ್ಕೆ ಹದಿನಾರು ತಾಸು ಓದುವ ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ಅವರಿಗೇ ಗೊತ್ತಾಗುತ್ತದೆ ತಂತಿ ಎಲ್ಲಿದೆ ಎಂದು.

ಇಲ್ಲಿಗೆ ಅರ್ಧ ಉತ್ತರ ಮುಗಿಯಿತು. "ಎಲ್ಲಾ ಮನಸ್ಸಿನ ಆಟ, ಧ್ಯಾನ ಮಾಡು, ಸಹಿಸಿಕೋ" ಎನ್ನುವವರ ಮಾತು ಇಲ್ಲಿಗೇ ನಿಲ್ಲುತ್ತದೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೀ ಸಮಾಧಿ ಬೇರೆ, ಸಮ್ಮಾ ಸಮಾಧಿ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಬರೀ ಏಕಾಗ್ರತೆಯಿಂದ ಮನಸ್ಸು ತಾತ್ಪೂರ್ತಿಕ ಶಾಂತವಾಗುತ್ತದೆ. ಕುಶಲ ಕರ್ಮದ ಕಡೆಗೆ ಮನಸ್ಸನ್ನು ಶಾಶ್ವತವಾಗಿ ತಿರುಗಿಸುವುದೇ ಸಮ್ಮಾ ಸಮಾಧಿ. ಮನುಷ್ಯ ಮನುಷ್ಯನ ನಡುವಿನ ಸಂಬಂಧವೇ ಧಮ್ಮದ ಕೇಂದ್ರ ಎಂದ ಗುರುವಿನ ಶಿಷ್ಯರು ಮೊದಲ ಬಾಣವನ್ನು ಕೀಳದೇ ಬಿಡಲಾಗದು.

2016ರ ಜನವರಿ 17ರಂದು ನಾವು ರೋಹಿತ್ ವೇಮುಲನನ್ನು ಕಳೆದುಕೊಂಡೆವು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅವನ ಶಿಷ್ಯವೇತನ ತಿಂಗಳುಗಟ್ಟಲೆ ನಿಂತಿತ್ತು, ಹಾಸ್ಟೆಲಿನಿಂದ ಹೊರಹಾಕಿದ್ದರು. 2019ರಲ್ಲಿ ಮುಂಬೈಯಲ್ಲಿ ಡಾ. ಪಾಯಲ್ ತಡವಿ. ಆ ಇಬ್ಬರ ತಾಯಂದಿರು, ರಾಧಿಕಾ ವೇಮುಲ ಮತ್ತು ಆಬಿದಾ ತಡವಿ, ಕೂಡಿಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಈ ಮಕ್ಕಳಿಗೆ ಪ್ರಾಣಾಯಾಮ ಕಲಿಸಿದ್ದರೆ ಉಳಿಯುತ್ತಿದ್ದರು ಎಂದು ಯಾರಾದರೂ ಅಂದರೆ ಅದು ಅವಮಾನ.

ಹಾಗಾದರೆ ನಾವು ಮಾಡಬಹುದಾದದ್ದು? ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಸಮಾನ ಅವಕಾಶ ಘಟಕ ಮತ್ತು ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಪ್ರವೇಶ ಪಡೆದ ಮೊದಲ ವಾರವೇ ಆ ಅಧಿಕಾರಿ ಯಾರು ಎಂದು ಮಗು ಕೇಳಿ ತಿಳಿದುಕೊಂಡಿರಲಿ. ದೂರನ್ನು ಬಾಯಿಮಾತಿನಲ್ಲಿ ಕೊಡಬಾರದು, ಬರೆದು ಕೊಟ್ಟು ಸ್ವೀಕೃತಿ ಪಡೆದ ಪ್ರತಿ ಇಟ್ಟುಕೊಳ್ಳಬೇಕು. ವಿದ್ಯಾರ್ಥಿವೇತನ ಬಾರದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಮಗುವನ್ನು ಒಬ್ಬರನ್ನೇ ಕಳಿಸಬೇಡಿ, ಬಳಗದ ಒಬ್ಬ ನೌಕರಸ್ಥ ಜೊತೆಗೆ ಹೋಗಲಿ. ಸಂಘಂ ಸರಣಂ ಗಚ್ಛಾಮಿ ಎಂದು ಪ್ರತಿ ವಾರ ಹೇಳುತ್ತೇವಲ್ಲ, ಆ ಹುಡುಗನಿಗೆ ಸಂಘ ಅಂದರೆ ಕಚೇರಿಯ ಬಾಗಿಲಲ್ಲಿ ಜೊತೆಗೆ ನಿಂತ ಆ ಒಬ್ಬ ಮನುಷ್ಯ.

ಇನ್ನೊಂದು ಮಾತು, ಸ್ವಲ್ಪ ಕಹಿ. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ಮನೆಗಳಲ್ಲೂ ಮಗ ಮಂಕಾದರೆ ಮೊದಲು ಹೇಳಿಕೆ ಕೇಳಲು ಹೋಗುತ್ತಾರೆ, ತಾಯತ ಕಟ್ಟಿಸುತ್ತಾರೆ, ಆಮೇಲೆ ಮದುವೆ ಮಾಡಿದರೆ ಸರಿ ಹೋಗುತ್ತಾನೆ ಎನ್ನುತ್ತಾರೆ. ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದು ಕಾಯಿಲೆ. ಭಗವಾನರಿಗೂ ಜೀವಕ ಎಂಬ ವೈದ್ಯನಿದ್ದ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವನ್ನು ಭಗವಾನರು ಮತ್ತು ಆನಂದ ತಾವೇ ತೊಳೆದು ಮಲಗಿಸಿದರು ಎಂದು ವಿನಯ ಪಿಟಕದಲ್ಲಿದೆ. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವುದು ಧಮ್ಮಕ್ಕೆ ವಿರುದ್ಧವಲ್ಲ. ಕಣ್ಣು ಮುಚ್ಚಿ ಕೂತರೆ ಭಯ ಹೆಚ್ಚಾಗುವ ಮಕ್ಕಳೂ ಇದ್ದಾರೆ. ಅವರು ಕೂರುವುದನ್ನು ಬಿಟ್ಟು ನಡಿಗೆಯನ್ನಷ್ಟೇ ಮುಂದುವರಿಸಲಿ, ವೈದ್ಯರನ್ನು ಕಾಣಲಿ. ಅಂಥವರನ್ನು ಹತ್ತು ದಿನದ ಮೌನ ಶಿಬಿರಕ್ಕೆ ಕಳಿಸುವ ಅವಸರ ಬೇಡವೇ ಬೇಡ. ಧಾರವಾಡದಲ್ಲಿ ಡಿಮ್ಹಾನ್ಸ್ ಸರಕಾರಿ ಮಾನಸಿಕ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಸಾಯುವ ಮಾತಾಡಿದರೆ ಬೈಯಬೇಡಿ, ನಗಬೇಡಿ, ಒಬ್ಬರನ್ನೇ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಬರುವ ರವಿವಾರ ಸಲ್ಲತ್ಥ ಸುತ್ತವನ್ನೇ ಓದೋಣ. ರಜೆಗೆ ಬಂದ ಮಕ್ಕಳಿದ್ದರೆ ಕರೆತನ್ನಿ. ಆದರೆ ಅವರನ್ನು ಎದ್ದು ನಿಲ್ಲಿಸಿ ಮಾರ್ಕ್ಸ್ ಎಷ್ಟು ಎಂದು ಯಾರೂ ಕೇಳಬಾರದು. ಮೊದಲು ಎಲ್ಲರೂ ಅರ್ಧ ತಾಸು ನಡೆದು, ಆಮೇಲೆ ಓದಿಗೆ ಕೂರೋಣ. ಚಪ್ಪಲಿ ಗಟ್ಟಿ ಇರಲಿ.

ನಮೋ ಬುದ್ಧಾಯ. ಜೈ ಭೀಮ್.